ಎಡಗಡೆಯ ಗುಂಡಿ

ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಅಂತ ಅಮ್ಮ ಹೇಳುತ್ತಿದ್ದಳು. ಸುಳ್ಳಲ್ಲ. ಅಳತೆ ಕೊಡುವಾಗ ಹೊಟ್ಟೆ ಒಳಗೆಳೆದುಕೊಳ್ಳುವ ಗಿರಾಕಿಗಳನ್ನು ನಾನು ಗದರದೆ ಬಿಟ್ಟವಳಲ್ಲ. ಆದರೆ ಬಸ್ ಡಿಪೊದಿಂದ ಆ ಪಟ್ಟಿ ಬಂದ ದಿನ ಸಿಟ್ಟು ಎಲ್ಲಿ ಹೋಯಿತೋ, ಇವತ್ತಿಗೂ ಗೊತ್ತಿಲ್ಲ.

ಡಿಪೊದ ಸಮವಸ್ತ್ರವೆಲ್ಲ ನನ್ನ ಅಂಗಡಿಯಲ್ಲೇ ಹೊಲಿಯುವುದು. ಈ ಸಲ ಅಳತೆ ಪಟ್ಟಿಯ ಜೊತೆಗೆ ಹೊಸ ಸರಕಾರದ ಆದೇಶವೂ ಇತ್ತು. ಹುಟ್ಟಿದಾಗ ಗಂಡೆಂದು ಬರೆಸಿದವರಿಗೆ ಗಂಡಸರ ಉಡುಪು, ಹೆಣ್ಣೆಂದು ಬರೆಸಿದವರಿಗೆ ಹೆಂಗಸರ ಉಡುಪು, ತೊಡದವರಿಗೆ ಕೆಲಸವಿಲ್ಲ. ಗಂಡಸರ ನಲವತ್ತು ಶರ್ಟುಗಳಲ್ಲಿ ಮೂವತ್ತೊಂದನೆಯದು ನನ್ನ ತಂಗಿಯದು.

ಹುಟ್ಟಿದಾಗ ಅವಳನ್ನು ನನ್ನ ತಮ್ಮ ಅಂದಿದ್ದರು. ಹತ್ತೊಂಬತ್ತನೇ ವಯಸ್ಸಿಗೆ ಬಂದು, “ಅಕ್ಕಾ, ನಾನು ನಿನ್ನ ತಂಗಿ ಕಣೇ” ಅಂದಾಗ ಕೈಯಲ್ಲಿದ್ದ ಟೇಪನ್ನು ಅವಳ ಮೇಲೆ ಎಸೆದಿದ್ದೆ. ವಾರ ಮಾತಾಡಲಿಲ್ಲ. ಎಂಟನೆಯ ದಿನ ಅದೇ ಟೇಪು ಎತ್ತಿಕೊಂಡು, “ನೆಟ್ಟಗೆ ನಿಂತ್ಕೋ” ಅಂದೆ. ಆಮೇಲೆ ಅವಳ ಹೆಸರು ಬದಲಾಯಿತು, ಕಾಗದಪತ್ರ ಬದಲಾಯಿತು. ಮನೆಯಲ್ಲಿ ಮಾತ್ರ ಮೊದಲೂ ಗುಬ್ಬಿ, ಈಗಲೂ ಗುಬ್ಬಿ. ಹನ್ನೊಂದು ವರ್ಷದಿಂದ ಬಸ್ ಓಡಿಸುತ್ತಾಳೆ, ಒಂದು ನಾಯಿಗೂ ತಗುಲಿಸಿಲ್ಲ.

ರಸ್ತೆ ಕಿತ್ತುಹೋಗಿದೆ, ಅರ್ಧ ಬಸ್ಸುಗಳು ಷೆಡ್ಡಿನಲ್ಲೇ ಮಲಗಿವೆ. ಸರಕಾರದವರು ಸರಿಮಾಡಲು ಹೊರಟದ್ದು ಗುಬ್ಬಿಯ ಶರ್ಟು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಟಿ.ವಿ.ಯಲ್ಲಿ ಮಂತ್ರಿ “ಗಂಡು ಗಂಡೇ, ಹೆಣ್ಣು ಹೆಣ್ಣೇ” ಅಂದಾಗ ನನ್ನ ಅಂಗಡಿಯಲ್ಲಿ ನಿಂತಿದ್ದ ಗಿರಾಕಿಗಳೇ ಚಪ್ಪಾಳೆ ತಟ್ಟಿದರು. ನಾನು ಸೂಜಿಗೆ ದಾರ ಪೋಣಿಸುತ್ತಿದ್ದೆ.

“ಏನ್ ಮಾಡೋದು, ಹಾಕ್ಕೊಳ್ತೀನಿ ಬಿಡು,” ಅಂದಳು ಗುಬ್ಬಿ. “ಬಸ್ ಬಿಟ್ರೆ ನಂಗೆ ಬೇರೆ ಏನ್ ಬರುತ್ತೆ?”

ಹೊಲಿದೆ. ಗಂಡಸರ ಶರ್ಟಿಗೆ ಗುಂಡಿ ಬಲಗಡೆ, ಹೆಂಗಸರದಕ್ಕೆ ಎಡಗಡೆ. ಇದು ನಮ್ಮ ಕೆಲಸದ ಮೊದಲ ಪಾಠ, ನಿದ್ದೆಯಲ್ಲೂ ತಪ್ಪುವುದಿಲ್ಲ. ನಲವತ್ತನ್ನೂ ಇಸ್ತ್ರಿ ಮಾಡಿ ಕಳಿಸಿದೆ.

ಶನಿವಾರ ಬೆಳಿಗ್ಗೆ ಡಿಪೊದ ಸೂಪರ್‌ವೈಸರ್ ಒಂದು ಶರ್ಟು ತಂದು ಮೇಜಿನ ಮೇಲೆ ಹಾಕಿದ.

“ಏನಮ್ಮಾ ಇದು, ಗುಂಡಿ ಎಡಗಡೆ? ಆದೇಶಕ್ಕೇ ಸೆಡ್ಡು ಹೊಡೀತೀರಾ?”

ನೋಡಿದೆ. ಮೂವತ್ತೊಂದನೆಯದು. ದೇವರಾಣೆಗೂ ನನಗೆ ಗೊತ್ತಿರಲಿಲ್ಲ. ಹನ್ನೊಂದು ವರ್ಷ ಅದೇ ಅಳತೆಗೆ ಎಡಗಡೆ ಗುಂಡಿ ಇಟ್ಟ ಕೈ, ಈ ಸಲವೂ ತನ್ನ ಪಾಡಿಗೆ ಇಟ್ಟಿತ್ತು.

“ಕೈತಪ್ಪು ಸಾರ್.”

“ನಲವತ್ತರಲ್ಲಿ ಇದೊಂದಕ್ಕೇ ತಪ್ಪಿತಾ? ಸೋಮವಾರಕ್ಕೆ ಸರಿಯಾಗಿರೋದು ಬೇಕು. ಇಲ್ಲಾಂದ್ರೆ ಅವನು ಬಸ್ ಹತ್ತೋ ಹಾಗಿಲ್ಲ.”

ಅವನು ಅಂದ. ಆಗಲೂ ನನಗೆ ಸಿಟ್ಟು ಬರಲಿಲ್ಲ.

ಗುಂಡಿ ತೂರಿಸುವ ಕಾಜಾ ಕತ್ತರಿಸಿದ ಮೇಲೆ ಬದಿ ಬದಲಿಸಲು ಆಗುವುದಿಲ್ಲ. ಹೊಸ ಬಟ್ಟೆ ಕತ್ತರಿಸಿದೆ. ಬಲಗಡೆ ಸೀಮೆಸುಣ್ಣದಲ್ಲಿ ಏಳು ಗುರುತು ಹಾಕಿ, ಎರಡೆರಡು ಸಲ ನೋಡಿ, ಏಳು ಗುಂಡಿ ಹೊಲಿದೆ.

ಭಾನುವಾರ ಮಧ್ಯಾಹ್ನ ಗುಬ್ಬಿ ಬಂದಳು. ಎಷ್ಟೋ ದಿನದ ಮೇಲೆ ಮುಖದಲ್ಲಿ ಕಳೆ ಇತ್ತು.

“ಅಕ್ಕಾ, ನೀನು ಬೇಕಂತಾನೇ ಮಾಡಿದ್ದು, ಅಲ್ವಾ?”

ನಾನು ಹೊಸ ಶರ್ಟು ಮಡಿಸತೊಡಗಿದೆ.

“ಮೊದಲನೇ ದಿನ ಕಣ್ಣು ಮುಚ್ಕೊಂಡು ಹಾಕ್ಕೊಂಡೆ. ಗುಂಡಿ ಮುಟ್ಟಿದ್ರೆ ನನ್ನ ಕಡೇನೇ ಇದೆ! ಮಂಚದ ಮೇಲೆ ಕೂತು ಅತ್ತುಬಿಟ್ಟೆ ಕಣೇ. ಐದು ದಿನ ಅದೊಂದನ್ನೇ ನೆನೆಸ್ಕೊಂಡು ಬಸ್ ಓಡಿಸಿದೆ. ಊರಿಗೆ ಊರೇ ಆ ಆದೇಶಕ್ಕೆ ತಲೆ ಆಡಿಸಿದ್ರೂ ನಮ್ಮಕ್ಕ ಆಡಿಸಲಿಲ್ಲ ಅಂತ.”

ಕೈತಪ್ಪು ಅನ್ನಬೇಕೆಂದು ಬಾಯಿ ತೆರೆದೆ.

“ಹೂಂ,” ಅಂದೆ.

“ಗೊತ್ತಿತ್ತು ನಂಗೆ. ಈಗ ಹೊಸದು ಕೊಡು. ಇನ್ನೊಂದು ಸಲ ಸಿಕ್ಕಿಬಿದ್ರೆ ನಿನ್ನ ಅಂಗಡೀನೂ ಮುಚ್ಚಿಸ್ತಾರೆ. ನೀನು ಮಾಡಿದ್ದೇ ಸಾಕು.”

ಕನ್ನಡಿಯ ಮುಂದೆ ತೊಟ್ಟಳು. ಬೆರಳು ಎಡಗಡೆಗೆ ಹೋಯಿತು, ಅಲ್ಲಿ ಬರೀ ಕಾಜಾ ಸಿಕ್ಕಿತು. ಬೆರಳು ಅಲ್ಲೇ ನಿಂತಿತು. ಆಮೇಲೆ ಎರಡೂ ಕೈ ಕೆಳಗೆ ಬಿಟ್ಟು, ಶಾಲೆಗೆ ಹೊರಡುವ ಮಗುವಿನ ಹಾಗೆ ನನ್ನ ಕಡೆ ತಿರುಗಿದಳು. ಚಿಕ್ಕವಳಿದ್ದಾಗ ದಿನಾ ನಾನೇ ಹಾಕುತ್ತಿದ್ದೆ, ಆಗಲೂ ಇದೇ ಕಡೆ.

ಒಂದೊಂದಾಗಿ ಹಾಕಿದೆ. ಆ ಎಡಗಡೆ ಗುಂಡಿಯ ಶರ್ಟು ನನ್ನ ಕೈ ತಾನಾಗಿ ಮಾಡಿದ್ದು. ಇದನ್ನು ತಿಳಿದೂ ತಿಳಿದೂ ಮಾಡಿದವಳು ನಾನು. ಅವಳಿಗೆ ಅದು ತಿಳಿಯಲಿಲ್ಲ, ನಾನು ಹೇಳಲೂ ಇಲ್ಲ.

“ಕತ್ತು ಬಿಗೀತಿದ್ಯಾ?” ಅಂದೆ.

“ಇಲ್ಲಕ್ಕಾ,” ಅಂದಳು. “ಅಳತೆ ಸರಿಯಾಗಿದೆ.”