ಕಂಪನಿ ಕೊಡದ ಹಿಡಿಕೆ

“ಎರಡೇ ಎರಡು ತೂತು ಅಕ್ಕಾ. ಒಂದೊಂದರ ಮೇಲೆ ಒಂದೊಂದು ನೊಣ ಕೂತ್ರೆ ಮುಚ್ಚಿಹೋಗುತ್ತೆ. ಅಷ್ಟಕ್ಕೆ ಇಷ್ಟು ರಾದ್ಧಾಂತನಾ?”

ಡ್ರಿಲ್ಲಿಂಗ್ ಮಷೀನನ್ನು ಎಳೆಗೂಸಿನಂತೆ ಎದೆಗವಚಿಕೊಂಡು ತಮ್ಮ ನಿಂತಿದ್ದ. ಅವನಿಗೂ ಹಳೇ ಕಾಲದ ಕಾರಿಗೂ ನಡುವೆ ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಂಡು, ವಾಕರನ್ನು ಮುಂದೆ ಅಡ್ಡ ಇಟ್ಟುಕೊಂಡು ಅಕ್ಕ ಕೂತಿದ್ದಳು. ಬ್ಯಾಂಕಿನ ಕಾವಲುಗಾರರೂ ಅಷ್ಟು ಬಿಗಿಯಾಗಿ ಕೂರುವುದಿಲ್ಲ.

“ನೊಣ ಕೂರಲಿ ಅಂತ ಕಂಪನಿಯವರು ಅಲ್ಲಿ ತೂತು ಕೊಟ್ಟಿಲ್ಲ” ಎಂದಳು. “ಬೇಕು ಅನ್ನಿಸಿದ್ರೆ ಅವರೇ ಕೊಡ್ತಿದ್ರು.”

“ನಿನ್ನ ಸೊಂಟ ಕೈಕೊಡುತ್ತೆ ಅಂತ ಅವರಿಗೇನು ಕನಸು ಬಿದ್ದಿತ್ತಾ?”

“ಕೈಕೊಟ್ಟಿಲ್ಲ. ಸವೆದಿತ್ತು. ಬದಲಾಯಿಸಿದ್ದಾರೆ.”

“ನೋಡು, ನಿನ್ನ ಬಾಯಲ್ಲೇ ಬಂತು. ನಿನಗೆ ಹೊಸ ಪಾರ್ಟು ಹಾಕಬಹುದು, ಗಾಡಿಗೆ ಒಂದು ಹಿಡಿಕೆ ಹಾಕಬಾರದು!”

“ಅದಕ್ಕೇ ಹೇಳ್ತಿರೋದು ಕಣೋ. ನಾನಂತೂ ಕಂಪನಿ ಮಾಲಾಗಿ ಉಳಿದಿಲ್ಲ. ಅದಾದ್ರೂ ಉಳೀಲಿ.”

ನಗಿಸಲೆಂದೇ ಹೇಳಿದ ಮಾತು. ಯಾರೂ ನಗಲಿಲ್ಲ. ಗಾಡಿಯ ಕೆಳಗಿನಿಂದ ಎರಡು ಪಾದ ಹೊರಗೆ ಕಾಣುತ್ತಿದ್ದವು. ಇಷ್ಟು ಹೊತ್ತು ಸ್ಪ್ಯಾನರಿನ ಲಯಕ್ಕೆ ಅಲ್ಲಾಡುತ್ತಿದ್ದ ಆ ಪಾದಗಳೂ ನಿಂತವು. ಅವು ಅವಳ ಗಂಡನ ಪಾದಗಳು.

ಗಾಡಿ ಈ ಮನೆಗೆ ಬಂದಾಗ ಗಾಡಿಯಾಗಿರಲೇ ಇಲ್ಲ. ಯಾವುದೋ ಗೋದಾಮಿನ ಹಿಂದೆ ಕೋಳಿಗಳು ಮೊಟ್ಟೆಯಿಡುತ್ತಿದ್ದ ತಗಡಿನ ಗೂಡು. ಬಸ್ ಡ್ರೈವರ್ ಕೆಲಸದಿಂದ ನಿವೃತ್ತರಾದ ಮೇಲೆ ಗಂಡನ ಕೈ ಸುಮ್ಮನಿರಲಿಲ್ಲ. ಅದನ್ನು ಲಾರಿಗೆ ಕಟ್ಟಿಸಿ ಎಳೆಸಿಕೊಂಡು ಬಂದರು. “ನಿಮ್ಮ ಜೊತೆ ಇದನ್ನೂ ಸಾಕಬೇಕಾ ನಾನು?” ಎಂದು ಅವತ್ತು ಅವಳು ಊಟಕ್ಕೂ ಕರೆದಿರಲಿಲ್ಲ. ಆಮೇಲೊಂದು ದಿನ ಅವರು ಮೀಟರಿನ ಹಿಂದಿನ ಸ್ಕ್ರೂ ಬಿಚ್ಚಿದಾಗ, ವಾಷರಿನ ಅಡಿಯಲ್ಲಿ ಬಿಸಿಲನ್ನೇ ಕಾಣದ ಉಂಗುರದಷ್ಟು ಕಂಪನಿಯ ಬಣ್ಣ ಸಿಕ್ಕಿತು. ಬೂದಿ ಎನ್ನಲೂ ಆಗದ, ಹಸಿರು ಎನ್ನಲೂ ಆಗದ ಬಣ್ಣ. ಅಲ್ಲಿಗೆ ಅವಳು ಸೋತಳು.

ಸೋಲಲು ಕಾರಣವಿತ್ತು. ಅವಳ ಕಸುಬು ಹಲ್ಲಿನ ಸೆಟ್ಟು ಮಾಡುವುದು. ದಂತವೈದ್ಯರು ಬಾಯಿಯ ಅಚ್ಚು ಕಳಿಸಿದರೆ, ಮನೆಯ ಹಿಂದಿನ ಕೋಣೆಯ ಲ್ಯಾಬಿನಲ್ಲಿ ಕೂತು ಹಲ್ಲು ಜೋಡಿಸಿ ಕೊಡುತ್ತಿದ್ದಳು. ಬಿಳಿಯೆಂದು ನಾವು ಸುಮ್ಮನೆ ಹೇಳಿಬಿಡುವ ಬಣ್ಣದಲ್ಲಿ ಎಷ್ಟು ಹಳದಿ, ಎಷ್ಟು ಬೂದಿ ಅಡಗಿದೆಯೆಂದು ಕಣ್ಣಿನಲ್ಲೇ ತೂಗಬಲ್ಲವಳು. ಆ ಉಂಗುರದ ಬಣ್ಣವನ್ನು ಇಡೀ ಗಾಡಿಗೆ ತಂದವಳು ಅವಳೇ. ಬಣ್ಣದ ಅಂಗಡಿಯವನು ಮೂರನೇ ಡಬ್ಬಿ ವಾಪಸ್ಸು ಬಂದಾಗ ಕೈಮುಗಿದು, “ಅಮ್ಮಾ, ನೀವೇ ಕಲಸಿ” ಎಂದು ಸ್ಟೂಲು ಕೊಟ್ಟು ಕೂರಿಸಿದ್ದ.

ಅಲ್ಲಿಂದ ಅವಳ ಹಟ ಬೆಳೆಯುತ್ತಾ ಹೋಯಿತು. ಹೊಸ ಕಾಲದ ನಕ್ಷತ್ರದ ತಲೆಯ ಸ್ಕ್ರೂ ಕಂಡರೆ ಬಿಚ್ಚಿಸಿ, ಹಳೇ ಕಾಲದ ಒಂದೇ ಗೀರಿನ ಸೀಳುತಲೆಯದು ಹಾಕಿಸಿದಳು. ಪ್ಲಾಸ್ಟಿಕ್ ವೈರಿನ ಮೇಲೆ ಕೂತು ಕೂತು ಹತ್ತಿ ದಾರ ಸುತ್ತಿದಳು, ಹಳೇ ಕಾಲದ ವೈರು ಹಾಗಿತ್ತೆಂದು. ಡಿಕ್ಕಿಯ ಮುಚ್ಚಳದ ಒಳಗೆ ಕಾರ್ಖಾನೆಯವರ ಕೈಯಲ್ಲೇ ಬಣ್ಣ ಸೋರಿದ ಒಂದು ಗೆರೆ ಇತ್ತು. ಗಾಡಿಗಳಿಗೆ ಟಿಂಕರ್, ಪೇಂಟ್ ಕೆಲಸ ಮಾಡುವ ತಮ್ಮ ಅದನ್ನು ನುಣ್ಣಗೆ ಉಜ್ಜಿ ಹೆಮ್ಮೆಯಿಂದ ತೋರಿಸಿದರೆ, “ಅವರು ಸೋರಿಸಿದ್ರು, ನೀನೂ ಸೋರಿಸು” ಎಂದಳು. ಜೀವಮಾನವೆಲ್ಲ ಬಣ್ಣ ಸೋರದ ಹಾಗೆ ಹೊಡೆಯಲು ಕಲಿತವನು, ಹಲ್ಲು ಕಚ್ಚಿಕೊಂಡು ಒಂದು ಹನಿ ಸೋರಿಸಿದ. ಹಳೇ ಗಾಡಿಯವರ ಸಂಘದಲ್ಲಿ ಅವಳಿಗೆ ಕಂಪನಿಯಮ್ಮ ಎಂದು ಹೆಸರು ಬಿದ್ದದ್ದು ಆಗಲೇ.

“ಇದೇನು ಹುಚ್ಚೇ ನಿನಗೆ?” ಎಂದು ಗಂಡ ಒಮ್ಮೆ ಕೇಳಿದ್ದರು.

“ಬದುಕೆಲ್ಲಾ ನಕಲಿ ಹಲ್ಲು ಮಾಡ್ದೆ ಕಣ್ರೀ. ಅಸಲಿ ಥರ ಕಾಣಬೇಕು ಅಂತ ಒದ್ದಾಡ್ದೆ. ಒಂದೇ ಒಂದು ಅಸಲಿ ನನ್ನ ಕೈಯಿಂದ ಆಗಲಿ.”

ಈಗ ಗಾಡಿ ಸಿದ್ಧ. ಬರುವ ಭಾನುವಾರ ಸಂಘದ ಮೆರವಣಿಗೆ. ಡ್ರೈವರ್ ಪಕ್ಕದ ಸೀಟಿನಲ್ಲಿ ಅವಳು ಕೂತು ಹೋಗಬೇಕೆಂದು ಅದಕ್ಕೆ ಬಣ್ಣ ಬರುವ ಮೊದಲೇ ತೀರ್ಮಾನವಾಗಿತ್ತು. ಆದರೆ ಹತ್ತುವುದು ಹೇಗೆ? ಫುಟ್‌ಬೋರ್ಡು ಎತ್ತರ, ಬಾಗಿಲು ಕಿರಿದು. ಹೊಸ ಸೊಂಟವನ್ನು ಹೆಚ್ಚು ಬಗ್ಗಿಸುವಂತಿಲ್ಲ, ತಿರುಚುವಂತಿಲ್ಲ ಎಂದು ಡಾಕ್ಟರು ಹೇಳಿದ್ದಾರೆ. ಕೈಗೆ ಗಟ್ಟಿಯಾದದ್ದೊಂದು ಸಿಕ್ಕರೆ ನೆಟ್ಟಗೆ ಎದ್ದು ಒಳಗೆ ಸರಿಯಬಹುದು. ಬಾಗಿಲನ್ನೇ ಹಿಡಿದರೆ ಅದು ಕೈಯ ಜೊತೆಗೇ ಸರಿದುಹೋಗುತ್ತದೆ. ಬಾಗಿಲಿನ ಪಕ್ಕದ ಕಂಬಕ್ಕೆ ಒಂದು ಹಿಡಿಕೆ ಬಿಗಿದರೆ ಮುಗಿಯಿತು ಎಂಬುದು ಗಂಡನ ಮಾತು, ತಮ್ಮನ ಮಾತು. ಕಂಬ ಕೊರೆದರೆ ಗಾಡಿ ಕೆಟ್ಟಿತು ಎಂಬುದು ಅವಳದು.

ಗಂಡ ಗಾಡಿಯ ಕೆಳಗಿನಿಂದ ತೆವಳಿ ಬಂದು ಕೂತರು. ಹಣೆಯ ಮೇಲೆ ಗ್ರೀಸು.

“ಬಸ್ಸಿನ ಬಾಗಿಲಿಗೆ ಎರಡು ಕಡೆ ಕಂಬಿ ಇಲ್ದೇ ಇದ್ರೆ ನನ್ನ ಬಸ್ಸಿಗೆ ಯಾವ ಮುದುಕಿ ಹತ್ತುತಿದ್ಲು ಹೇಳು?”

“ನಾನು ಮುದುಕಿ ಅಂತ ಈಗ ಗೊತ್ತಾಯ್ತಾ?”

“ಭಾವ, ನೀವು ಬಾಯಿ ಮುಚ್ಚಿಕೊಂಡಿದ್ರೇ ವಾಸಿ” ಎಂದ ತಮ್ಮ.

“ಅವರು ಬಾಯಿ ಮುಚ್ಚೋದು ನಾನು ಮಾಡಿಕೊಟ್ಟ ಸೆಟ್ಟಿನಿಂದ. ಅದನ್ನ ನೆನಪಿಟ್ಕೊಳ್ಳಿ ಇಬ್ಬರೂ” ಎಂದು ಅವಳು ವಾಕರ್ ಎತ್ತಿಕೊಂಡಳು. “ನೀವಿಬ್ಬರೂ ಹೋಗಿ ಬನ್ನಿ. ನಾನು ಗೇಟಲ್ಲಿ ನಿಂತು ನೋಡ್ತೀನಿ. ನೋಡೋಕೆ ಸೊಂಟ ಬೇಕಿಲ್ಲ.”

ಕಡ್ಡಿ ಮುರಿದಂತೆ ಹೇಳಿ ಒಳಗೆ ಹೋದಳು. ಗಂಡ ಮತ್ತೆ ಮಾತೆತ್ತಲಿಲ್ಲ. ಅದೇ ಅವಳಿಗೆ ವಿಚಿತ್ರವೆನಿಸಿತು. ಹೆಂಡತಿ ಹೇಳಿದ್ದನ್ನು ಒಂದೇ ಸಲಕ್ಕೆ ಒಪ್ಪುವ ಜಾತಿಯ ಗಂಡಸಲ್ಲ ಅವರು. ಜೊತೆಗೆ, ಒಂದು ವಾರದಿಂದ ರಾತ್ರಿ ಪಕ್ಕದಲ್ಲಿ ಮಲಗಿದರೆ ನೋವಿನ ಮುಲಾಮಿನ ವಾಸನೆ. ಕೇಳಿದರೆ, “ಗಾಡಿ ಕೆಳಗೆ ಮಲಗಿ ಬೆನ್ನು ಹಿಡ್ಕೊಂಡಿದೆ” ಎಂದು ಆ ಕಡೆಗೆ ತಿರುಗುತ್ತಿದ್ದರು.

ಮರುದಿನ ಮಧ್ಯಾಹ್ನ ಊಟವಾದ ಮೇಲೆ ಅವಳು ಮಲಗುವ ಹೊತ್ತು. ನಿದ್ದೆ ಬರಲಿಲ್ಲ. ಅಡುಗೆಮನೆಗೆ ನೀರಿಗೆಂದು ಬಂದಾಗ ಹೊರಗೆ ಯಾರೋ ಮಾತಾಡುವುದು ಕೇಳಿಸಿತು.

“ನಿಧಾನ. ಅವಸರ ಏನಿಲ್ಲ. ಕೆಳಗೆ ನೋಡಬೇಡ, ನನ್ನ ಕಡೆ ನೋಡು. ಹಾಂ… ಈಗ ತಲೆ ಸ್ವಲ್ಪ ತಗ್ಗಿಸು. ನಾನಿದ್ದೀನಲ್ಲ.”

ಗಂಡನ ದನಿ. ಇಷ್ಟು ಮೆತ್ತಗಿನ ದನಿಯಲ್ಲಿ ಯಾರ ಜೊತೆ ಮಾತಾಡುತ್ತಿದ್ದಾರೆ ಇವರು? ಕಿಟಕಿಯಿಂದ ಇಣುಕಿದಳು.

ಗಾಡಿಯ ಬಾಗಿಲು ತೆರೆದಿತ್ತು. ಗಂಡ ಎರಡೂ ತೋಳಿನಲ್ಲಿ ಒಂದು ಮೂಟೆಯನ್ನು ತಬ್ಬಿಕೊಂಡು, ಫುಟ್‌ಬೋರ್ಡಿನ ಮೇಲೆ ಒಂದು ಕಾಲಿಟ್ಟು, ಅದನ್ನು ಸೀಟಿನ ಮೇಲೆ ಕೂರಿಸಲು ಹೆಣಗುತ್ತಿದ್ದರು. ಅವಳು ಲ್ಯಾಬು ಮುಚ್ಚಿದಾಗ ಉಳಿದಿದ್ದ ಅಚ್ಚಿನ ಪ್ಲಾಸ್ಟರ್ ಪುಡಿಯ ಮೂಟೆ. ಮೂಟೆಗೆ ಅವಳದೇ ಹಳೇ ಬಿಳಿ ಕೋಟು ತೊಡಿಸಿದ್ದರು. ಗುಂಡಿಗಳನ್ನೂ ಹಾಕಿದ್ದರು, ಕುತ್ತಿಗೆಯವರೆಗೆ.

ಕರೆಯಬೇಕೆಂದು ಬಾಯಿ ತೆರೆದಳು. ಅಷ್ಟರಲ್ಲಿ ಅವರ ಬೆನ್ನು ಚಳಕ್ಕೆಂದಿರಬೇಕು, ಹಿಡಿತ ಸಡಿಲಿತು. ಮೂಟೆ ಬಾಗಿಲಿನ ಅಂಚಿಗೆ ತಾಗಿ, ಸೀಳಿ, ಸೀಟಿನ ಮೇಲೆ ಮುಗ್ಗರಿಸಿತು. ಬಿಳೀ ಪುಡಿ ಗಾಡಿಯ ನಾಲ್ಕೂ ಕಿಟಕಿಯಿಂದ ಹೊಗೆಯಂತೆ ಎದ್ದಿತು. ಮೋಡ ಇಳಿದಾಗ ಗಂಡ ರೆಪ್ಪೆಯವರೆಗೆ ಬಿಳಿಯಾಗಿ ನಿಂತಿದ್ದರು. ಆಮೇಲೆ ಗಾಬರಿಯಿಂದ ಅತ್ತಿತ್ತ ನೋಡಿ, ಬಕೆಟ್ಟಿನಲ್ಲಿದ್ದ ಬಟ್ಟೆ ಹಿಂಡಿಕೊಂಡು ಓಡಿಬಂದರು.

“ಒದ್ದೆ ಬಟ್ಟೆ ಬೇಡ!” ಕಿಟಕಿಯಿಂದಲೇ ಕೂಗಿದಳು. “ನೀರು ಮುಟ್ಟಿಸಿದ್ರೆ ಸೀಟು ಕಲ್ಲಾಗುತ್ತೆ ರೀ! ಹಾಗೇ ನಿಂತ್ಕೊಳ್ಳಿ!”

ವಾಕರ್ ಟಕಟಕ ಎನ್ನಿಸುತ್ತಾ ಅವಳು ಹೊರಗೆ ಬಂದಾಗ ಅವರು ಬಟ್ಟೆಯನ್ನು ಬೆನ್ನ ಹಿಂದೆ ಹಿಡಿದುಕೊಂಡು ಹಾಗೇ ನಿಂತಿದ್ದರು, ಶಾಲೆಯ ಹುಡುಗನ ಹಾಗೆ.

“ಅದು ಮೂಟೆ” ಎಂದರು ಮೊದಲು. “ನೀನಾಗಿದ್ರೆ ಬಿಡ್ತಿರಲಿಲ್ಲ.”

“ಎಷ್ಟು ದಿನದಿಂದ ನಡೀತಿದೆ ಈ ಕಸರತ್ತು?”

“ಒಂದು ವಾರ ಆಯ್ತೇನೋ. ಹಿಡಿಕೆ ಮಾತು ಮೊದಲು ಬಂದಾಗಲೇ ಬೇಡ ಅಂದೆಯಲ್ಲ. ನಾನೇ ಎತ್ತಿ ಕೂರಿಸಿದ್ರೆ ಗಾಡಿಗೂ ಏನಾಗಲ್ಲ ಅಂತ… ಮೊದಮೊದಲು ಅರ್ಧ ಮೂಟೆ ಎತ್ತಿದೆ. ಆಗ್ತಿತ್ತು. ಇವತ್ತೇ ಪೂರ್ತಿ.”

“ಪೂರ್ತಿ ಅಂದ್ರೆ ನಾನೇನು ಅಷ್ಟೇ ತೂಕ ಇದ್ದೀನಾ?”

“ಅಷ್ಟಕ್ಕೇ ಹೀಗಾಯ್ತು. ಅದಕ್ಕೇ ಯೋಚನೆ.”

ಬೇರೆ ಹೊತ್ತಾಗಿದ್ದರೆ ಇದಕ್ಕೆ ತಕ್ಕ ಉತ್ತರ ಸಿಗುತ್ತಿತ್ತು ಅವರಿಗೆ. ಅವಳು ಸೀಟಿನ ಮೇಲೆ ಕುತ್ತಿಗೆ ಚೆಲ್ಲಿ ಬಿದ್ದಿದ್ದ ತನ್ನ ಕೋಟನ್ನೇ ನೋಡುತ್ತಿದ್ದಳು.

“ಕೋಟು ಯಾಕೆ ಹಾಕಿದ್ರಿ ಅದಕ್ಕೆ?”

ಅವರು ಕೈಯಲ್ಲಿದ್ದ ಬಟ್ಟೆಯನ್ನು ಬಕೆಟ್ಟಿಗೆ ಹಾಕಿದರು. “ಬರೀ ಮೂಟೆ ಎತ್ತಿದ್ರೆ ಕೈಗೆ ಜಾಗ್ರತೆ ಬರಲ್ಲ ಕಣೇ” ಎಂದರು.

ಸೀಟಿನ ಚರ್ಮ ಅವಳು ಆರು ಅಂಗಡಿ ಅಲೆದು ಹುಡುಕಿದ್ದು. ಹೊಲಿಗೆಯ ಗೆರೆಗೆರೆಯಲ್ಲೂ ಪ್ಲಾಸ್ಟರ್ ಕೂತಿತ್ತು. ಸಿಟ್ಟು ಬರುತ್ತದೆಂದು ಕಾದಳು. ಬರಲಿಲ್ಲ. ಕುಂಚ ತರಿಸಿ, ಕುರ್ಚಿ ಹಾಕಿಸಿಕೊಂಡು ಅವರ ತಲೆಗೂದಲಿನ ಪುಡಿಯನ್ನು ಮೊದಲು ಒಣಗಿದ್ದಾಗಲೇ ಕೊಡವಿದಳು.

“ನೀವು ಬೆನ್ನು ಮುರ್ಕೊಂಡ್ರೆ ಅಲ್ಲಿಗೆ ಹಾಕೋ ಕಂಪನಿ ಪಾರ್ಟು ಎಲ್ಲೂ ಸಿಗಲ್ಲ” ಎಂದಳು.

“ಬಾಯಿಗೆ ಮಾಡಿಕೊಟ್ಟೆಯಲ್ಲ.”

“ಬಾಯಿದು ಬೇರೆ.”

“ಹೇಗೆ ಬೇರೆ? ನನ್ನ ಮುಂದಿನ ಹಲ್ಲಲ್ಲಿ ಸಂದಿ ಇತ್ತು ಅಂತ ಸೆಟ್ಟಲ್ಲೂ ಸಂದಿ ಬಿಟ್ಟೆ, ಕಂಪನಿ ಮಾದರಿ. ಸರಿ. ಆದ್ರೆ ಒಸಡಿಗೆ ಒತ್ತುತ್ತೆ ಅಂದಾಗ ಏನು ಮಾಡ್ದೆ?”

“ಉಜ್ಜಿದೆ.”

“ಎಷ್ಟು ಸಲ?”

“ನೀವು ಸುಮ್ಮನಾಗೋವರೆಗೆ.”

ಕುಂಚ ಅವರ ಕಿವಿಯ ಹಿಂದೆ ನಿಂತಿತ್ತು. ಎಷ್ಟು ಚೆಂದದ ಸೆಟ್ಟಾದರೂ ಒತ್ತಿದರೆ ಜನ ಅದನ್ನು ಲೋಟದಲ್ಲಿ ಹಾಕಿಟ್ಟು ಬರಿಬಾಯಲ್ಲಿ ಉಣ್ಣುತ್ತಾರೆಂದು ಅವಳಿಗಿಂತ ಚೆನ್ನಾಗಿ ಬಲ್ಲವರು ಯಾರು?

“ಅವನಿಗೆ ಫೋನ್ ಮಾಡಿ” ಎಂದಳು ಕೊನೆಗೆ. “ಡ್ರಿಲ್ಲು ತರಲಿ. ಬಜಾರಿನ ಹಿಡಿಕೆ ಮಾತ್ರ ತಂದ್ರೆ ಮನೆಯೊಳಗೆ ಸೇರಿಸಲ್ಲ ಅಂತ ಹೇಳಿ.”

ಹಿಡಿಕೆ ಅವಳೇ ಮಾಡಿದಳು. ಹಲ್ಲಿನ ಅಚ್ಚಿಗೆ ಬಳಸುವ ಗುಲಾಬಿ ಮೇಣವನ್ನು ಬಿಸಿನೀರಿನಲ್ಲಿ ಮೆತ್ತಗೆ ಮಾಡಿ, ಉರುಟು ಕೋಲಿನ ಹಾಗೆ ಉರುಳಿಸಿ ಕಂಬಕ್ಕೆ ಒತ್ತಿದಳು. ನಿಂತು, ಹತ್ತುವವಳ ಹಾಗೆಯೇ ಬಿಗಿಯಾಗಿ ಹಿಡಿದಳು. ಬಿಟ್ಟಾಗ ನಾಲ್ಕು ಬೆರಳಿನ ತಗ್ಗು, ಹೆಬ್ಬೆರಳಿನ ಒಂದು ಗುಳಿ ಉಳಿದಿದ್ದವು. ಸೀಳಿದ ಮೂಟೆಯ ಪ್ಲಾಸ್ಟರಿನಲ್ಲೇ ಅದರ ಅಚ್ಚು ತೆಗೆದಳು. ತಮ್ಮ ಅದನ್ನು ಎರಕದವರ ಹತ್ತಿರ ಒಯ್ದು ಶನಿವಾರ ಹಿತ್ತಾಳೆಯಲ್ಲಿ ಹೊಯ್ಯಿಸಿ ತಂದ.

“ಇದರಲ್ಲಿ ನನ್ನ ಬೆರಳು ಕೂರಲ್ಲ ಅಕ್ಕಾ” ಎಂದ, ಹಿಡಿದು ನೋಡಿ.

“ನಿನಗೆ ಯಾರು ಕೊಟ್ರು?”

“ಗಾಡಿಗಳಿಗೆ ಮಾರ್ಕು ಹಾಕೋ ಸಂಘದ ಮೇಷ್ಟ್ರು ಬ್ಯಾಟರಿ ಹಿಡ್ಕೊಂಡು ಬರ್ತಾರೆ ನಾಳೆ. ಕಂಪನಿದಲ್ಲ ಅಂತ ಹತ್ತು ಮಾರ್ಕಾದ್ರೂ ಕಳೀತಾರೆ.”

“ಕಳೀಲಿ. ಅವರ ಹೆಂಡ್ತೀನ ಒಂದ್ಸಲ ಈ ಗಾಡಿ ಹತ್ತೋಕೆ ಹೇಳು, ಆಮೇಲೆ ಮಾತಾಡೋಣ. ಸ್ಕ್ರೂ ತೋರ್ಸು. ಸೀಳುತಲೇದು ತಾನೆ?”

“ಸೀಳುತಲೇದೇ ತಾಯೀ, ಜೀವ ಭಯ ಇಲ್ವಾ ನಂಗೆ?”

ಜಾಗ ಅವಳೇ ಗುರುತು ಹಾಕಿದಳು. ಮಷೀನು ಕಿರ್ರೆಂದು ಶುರುವಾದಾಗ ಗಂಡನ ತೋಳು ಹಿಡಿದು ಮುಖ ತಿರುಗಿಸಿಕೊಂಡಳು. ಹಲ್ಲು ಕೀಳಿಸಿಕೊಳ್ಳುವವರೂ ಹಾಗೇ ಮಾಡುತ್ತಾರೆ. ತಗಡಿನ ಒಂದು ಸಣ್ಣ ಸುರುಳಿ ಅವಳ ಚಪ್ಪಲಿಯ ಮೇಲೆ ಬಿತ್ತು. ಆಮೇಲೆ ಇನ್ನೊಂದು.

ಹಿಡಿಕೆ ಬಿಗಿದಾಯಿತು. ಅವಳು ವಾಕರನ್ನು ತಮ್ಮನಿಗೆ ಕೊಟ್ಟಳು. ಗಂಡ ಹಿಂದೆಯೇ ಎರಡೂ ಕೈ ಚಾಚಿಕೊಂಡು ನಿಂತರು.

“ಮುಟ್ಟಬೇಡಿ” ಎಂದಳು.

“ಮುಟ್ಟಿಲ್ಲ.”

“ಉಸಿರು ತಾಗ್ತಿದೆ. ಒಂದು ಹೆಜ್ಜೆ ಹಿಂದೆ.”

ಬೆರಳುಗಳು ತಮ್ಮ ತಮ್ಮ ತಗ್ಗಿಗೆ ಹೋಗಿ ಕೂತವು. ಒಂದು ಕಾಲು ಫುಟ್‌ಬೋರ್ಡಿಗೆ. ತೋಳು ಬಿಗಿಯಿತು, ಮೈ ನೆಟ್ಟಗೆ ಎದ್ದಿತು, ಸೊಂಟ ಗೊಣಗದೆ ಒಳಗೆ ಸರಿಯಿತು. ಸೀಟು ಅವಳನ್ನು ಹೊತ್ತು ಒಮ್ಮೆ ನಿಟ್ಟುಸಿರುಬಿಟ್ಟಿತು. ಹೊಲಿಗೆಯಲ್ಲಿ ಉಳಿದಿದ್ದ ಪುಡಿ ಸ್ವಲ್ಪ ಹಾರಿತು. ವಾಕರನ್ನು ಮಡಚಿ ಹಿಡಿದುಕೊಂಡಿದ್ದ ತಮ್ಮ ಮೂಗು ಒರೆಸಿಕೊಂಡ.

“ಹೇಗಿದೆ?” ಎಂದರು ಗಂಡ, ಒಂದು ಹೆಜ್ಜೆ ಹಿಂದಿನಿಂದಲೇ.

ಅವಳು ಗಾಜಿನಾಚೆ ನೋಡಿದಳು. ಇಷ್ಟು ವರ್ಷ ಸುತ್ತಲೂ ನಿಂತು ಉಜ್ಜಿದ್ದಳು, ಬಗ್ಗಿ ಬೆಳಕು ಹಾಕಿ ಹುಡುಕಿದ್ದಳು. ಒಳಗೆ ಕೂತು ನೋಡಿರಲಿಲ್ಲ.

“ಮೂತಿ ಎಷ್ಟು ಉದ್ದ ರೀ ಇದರದ್ದು! ಇಲ್ಲಿಂದ ಕೂತ್ರೆ ರಸ್ತೆನೇ ಕಾಣಲ್ಲ.”

“ರಸ್ತೆ ನಾನು ನೋಡ್ಕೋತೀನಿ. ನೀನು ಸುಮ್ಮನೆ ಕೂತ್ಕೋ.”

“ಅಲ್ಲೇ ನಿಂತು ಹೇಳ್ತೀರೋ, ಈ ಕಡೆ ಬಂದು ಹತ್ತುತೀರೋ?”

ಅವರು ಬಾನೆಟ್ಟಿನ ಮೇಲೆ ಕೈ ಸವರುತ್ತಾ ಆ ಕಡೆಗೆ ಸುತ್ತಿ ಹೊರಟರು. ಅವರು ಹೆಡ್‌ಲೈಟಿನ ಹತ್ತಿರ ಬರುವಷ್ಟರಲ್ಲಿ ಅವಳು ಕೈ ಚಾಚಿ, ಒಳಗಿನಿಂದ ಬಾಗಿಲನ್ನು ಎಳೆದುಕೊಂಡಳು. ಮೊದಲ ಸಲ ಅದು ಕಚ್ಚಿಕೊಳ್ಳಲಿಲ್ಲ. ಮತ್ತೆ ತೆರೆದು, ಇನ್ನೂ ಸ್ವಲ್ಪ ಜೋರಾಗಿ ಎಳೆದಳು.