ಹುಂಜದ ಚಿತ್ರದ ಚೀಲ

ಕೋಳಿ ಆಹಾರದ ಚೀಲದ ಬಾಯಿಯನ್ನು ಎರಡು ದಾರ ಸೇರಿಸಿ ಹೊಲಿದಿರುತ್ತಾರೆ, ಒಂದು ಬಿಳಿ, ಇನ್ನೊಂದು ಕೆಂಪು. ಸರಿಯಾದ ಕಡೆಯಿಂದ ತುದಿ ಹಿಡಿದರೆ ಇಡೀ ಹೊಲಿಗೆ ಸರ್ರನೆ ಒಂದೇ ಎಳೆತಕ್ಕೆ ಬಿಚ್ಚಿಕೊಂಡು ಬರುತ್ತದೆ. ತಪ್ಪು ಕಡೆಯಿಂದ ಹಿಡಿದಿರೋ, ಗಂಟಿನ ಮೇಲೆ ಗಂಟು ಬಿದ್ದು ಅರ್ಧ ಗಂಟೆ ಹಾಳು. ಬೊಕ್‌ದನ್ ಅವತ್ತಿನ ಹದಿನಾಲ್ಕನೆಯ ಚೀಲವನ್ನು ಮೊಣಕಾಲ ಕೆಳಗೆ ಒತ್ತಿಕೊಂಡು, ದಾರದ ತುದಿಯನ್ನು ಹಲ್ಲಿನಲ್ಲಿ ಕಚ್ಚಿ ತಲೆ ಹಿಂದಕ್ಕೆಳೆದಳು. ಅವಳ ಬಲಗೈಯ ಮೂರು ಬೆರಳು ಎಂದೋ ಒಳಕ್ಕೆ ಮಡಚಿಕೊಂಡು ಹಾಗೇ ನಿಂತುಬಿಟ್ಟಿದ್ದವು. ಉಳಿದೆರಡಕ್ಕೆ ಬಿಸಿಯೂ ತಿಳಿಯದು, ಸೂಜಿ ಚುಚ್ಚಿದ್ದೂ ತಿಳಿಯದು. ಹಾಗಾಗಿ ಹೊಲಿಯುವಾಗ ಅವಳು ಬೆರಳಿನಿಂದಲ್ಲ, ಕಣ್ಣಿನಿಂದ ಹೊಲಿಯುತ್ತಿದ್ದಳು. ಬಟ್ಟೆಯ ಮೇಲೆ ಕೆಂಪು ಚುಕ್ಕೆ ಕಂಡರೆ ಚುಚ್ಚಿದೆ ಎಂದು ಲೆಕ್ಕ.

ಬಿಚ್ಚಿದ ದಾರವನ್ನು ಉಂಡೆ ಸುತ್ತಿಟ್ಟಳು. ಮೂಲಂಗಿ ಸೊಪ್ಪು ಕಟ್ಟಿ ಒಣಹಾಕಲು ಅದು ಬೇಕು. ಚೀಲದೊಳಗಿನ ದಪ್ಪ ಕಾಗದವನ್ನು ಹರಿಯದಂತೆ ಎಳೆದು ತೆಗೆದು ಮಡಚಿದಳು. ಅವಳ ಊರು ಹೆತ್‌ಗೋಲ್‌ನಲ್ಲಿ ಆ ಕಾಗದ ಅಂಟಿಸದ ನೆಲವೇ ಇರಲಿಲ್ಲ. ಅಂಟಿಸಿ, ಅರೆದ ಸೋಯಾ ಕಾಳನ್ನು ಬಟ್ಟೆಯಲ್ಲಿ ಕಟ್ಟಿ ನಾಲ್ಕು ದಿನ ತಿಕ್ಕಿದರೆ ಜೇನಿನ ಬಣ್ಣ ಬಂದು ಹೊಳೆಯುತ್ತದೆ. ಹೊರಗಿನ ಪ್ಲಾಸ್ಟಿಕ್ ನೇಯ್ಗೆಯ ಚೀಲವಂತೂ ಕೋಳಿಮನೆಗೆ ಪರದೆ, ಮಳೆಗೆ ಕೊಪ್ಪೆ, ಮೆಣಸಿನಕಾಯಿ ಬಿಡಿಸುವಾಗ ಸೊಂಟಕ್ಕೆ ಜೋಳಿಗೆ. ಕಳೆ ಕೀಳಲು ಕೂರುವ ಹೆಂಗಸರಿಗೆ, ಹೊಟ್ಟು ತುಂಬಿ ಹಿಂಭಾಗಕ್ಕೆ ಕಟ್ಟಿಕೊಳ್ಳುವ ದಿಂಬು. ದಿಂಬು ಕಟ್ಟಿಕೊಂಡು ಎದ್ದು ನಡೆದರೆ ಎಲ್ಲರೂ ಬಾತುಕೋಳಿಗಳೇ. ಹಿಮ ಬಿದ್ದರೆ ಮಕ್ಕಳು ಅದೇ ಚೀಲದ ಮೇಲೆ ಕೂತು ಗುಡ್ಡದಿಂದ ಜಾರುತ್ತಿದ್ದವು.

ಪ್ರತಿ ಚೀಲದ ಮೇಲೂ ಒಂದೇ ಚಿತ್ರ: ಎದೆಯುಬ್ಬಿಸಿ ನಿಂತ ಕೆಂಪು ಹುಂಜ.

"ಮೊಟ್ಟೆ ಇಡೋಳು ಹೇಂಟೆ, ಚಿತ್ರ ಮಾತ್ರ ಹುಂಜಂದು," ಎಂದು ಪಕ್ಕದಲ್ಲಿ ಕೂತು ದಾರ ಸುತ್ತುತ್ತಿದ್ದ ಮಿರ್ಯಾಂಗ್ ಅಜ್ಜಿ ನೂರನೆಯ ಸಲ ಹೇಳಿದಳು. ಮಿರ್ಯಾಂಗ್ ಎಂಬ ಊರಿನ ಕಡೆಯವಳಾದ್ದರಿಂದ ಆ ಹೆಸರು. ನಿಜವಾದ ಹೆಸರು ಅವಳಿಗೇ ಮರೆತಿರಬೇಕು. ಒಂದು ಕಣ್ಣಿಲ್ಲ, ನಾಲಿಗೆ ಎರಡರಷ್ಟಿದೆ.

ಹೆತ್‌ಗೋಲ್‌ನವರೆಲ್ಲ ಒಂದು ಕಾಲಕ್ಕೆ ಕುಷ್ಠ ಬಂದು, ದ್ವೀಪದ ಆಸ್ಪತ್ರೆಯಲ್ಲಿ ವರ್ಷಗಟ್ಟಲೆ ಇದ್ದು, ವಾಸಿಯಾಗಿ ಹೊರಬಂದವರು. ವಾಸಿಯಾಗಿದೆ ಎಂದು ಡಾಕ್ಟರು ಬರೆದುಕೊಟ್ಟ ಕಾಗದ ಮನೆಮನೆಯಲ್ಲೂ ಇತ್ತು. ಊರಾಚೆ ಅದನ್ನು ಓದುವವರು ಇರಲಿಲ್ಲ, ಅಷ್ಟೆ. ಯಾರೂ ಕೂಲಿಗೆ ಕರೆಯದಿದ್ದಾಗ ಗುಡ್ಡದ ಮೇಲೆ ಕೋಳಿ ಸಾಕಿದರು. ಕೋಳಿಗಳು ಸಾಕಿದವರ ಮುಖ ನೋಡಿ ಮೊಟ್ಟೆ ಇಡುವುದಿಲ್ಲವಲ್ಲ.

ಅಂದು ಮಧ್ಯಾಹ್ನ ಊರ ಮುಖ್ಯಸ್ಥ ಪ್ಯೋ ಅಂಗಳಕ್ಕೆ ಬಂದ. ಗುಡ್ಡದ ಮೇಲಿದ್ದ ಒಂದು ಕೋಣೆಯ ಶಾಲೆ ಮುಚ್ಚಿತ್ತು. ಈ ಮಾರ್ಚಿನಿಂದ ಊರಿನ ಏಳು ಮಕ್ಕಳೂ ಕೆಳಗಿನ ಪೇಟೆಯ ಶಾಲೆಗೆ ಹೋಗಬೇಕು ಎಂದು ಮೇಲಿನಿಂದ ಆದೇಶ. ಪೇಟೆಯ ತಂದೆತಾಯಿಯರು ತಮ್ಮ ಮಕ್ಕಳನ್ನು ಬಿಡಿಸಿಕೊಳ್ಳುತ್ತೇವೆ ಎಂದು ಕೂಗಾಡಿದ್ದರಂತೆ. ಪ್ಯೋ ಕೈಮುಗಿದು ಹೇಗೋ ಒಪ್ಪಿಸಿ ಬಂದಿದ್ದ. ಒಪ್ಪಿಸಿದ್ದಕ್ಕೆ ಶರತ್ತುಗಳು.

"ಇನ್‌ಸಿಲ್ ಅಮ್ಮ, ನಿಮಗೇ ಮೊದ್ಲು ಹೇಳ್ತಿದೀನಿ, ನಿಮ್ಮ ಹೊಲಿಗೆ ಗೊತ್ತಿದೆ ನಂಗೆ. ಮಗಳಿಗೆ ಸ್ಕೂಲ್ ಬ್ಯಾಗು ಈ ಚೀಲದ್ದು ಬೇಡ. ಅಂಗಡಿ ಬ್ಯಾಗು ಕೊಡ್ಸಿ. ಬುತ್ತೀಲಿ ಮೊಟ್ಟೆ ಹಾಕ್ಬೇಡಿ. ಮಕ್ಕಳು ಎಲ್ಲಿಂದ ಬರ್ತಾವೆ ಅಂತ ಎದ್ದು ಕಾಣ್ಬಾರ್ದು."

ಇನ್‌ಸಿಲ್ ಅವಳ ಮಗಳು; ಊರಲ್ಲಿ ತಾಯಂದಿರನ್ನು ಮಕ್ಕಳ ಹೆಸರಿನಿಂದಲೇ ಕರೆಯುವುದು. ಅಡಗುವುದು ಬೊಕ್‌ದನ್‌ಗೆ ಹೊಸದಲ್ಲ. ಕಾಯಿಲೆ ಹುಬ್ಬಿನ ಕೂದಲನ್ನು ತೆಗೆದುಕೊಂಡು ಹೋಗಿತ್ತು. ಪೇಟೆಗೆ ಇಳಿಯುವ ದಿನ ಸುಟ್ಟ ಬೆಂಕಿಕಡ್ಡಿಯಿಂದ ಹುಬ್ಬು ಬರೆದುಕೊಳ್ಳದೆ ಹೊಸ್ತಿಲು ದಾಟಿದವಳಲ್ಲ. ಒಳಕೋಣೆಯಲ್ಲಿ ಹಾಸಿಗೆ ಮಡಚಿಡುವ ಪೆಟ್ಟಿಗೆಯ ತಳದಲ್ಲಿ ಒಂಬತ್ತು ವರ್ಷದಿಂದ ಒಂದು ಪತ್ರವೂ ಅಡಗಿತ್ತು. ಸಂಜೆ ಪಾಠಕ್ಕೆ ಹೋಗಿ ಅಕ್ಷರ ಕಲಿತ ವರ್ಷ, ಹುಟ್ಟೂರು ಹಾದೊಂಗ್‌ನಲ್ಲಿದ್ದ ತಾಯಿಗೆ ಬರೆದದ್ದು. ಹತ್ತೊಂಬತ್ತನೆಯ ವಯಸ್ಸಿಗೆ ಮೈಮೇಲೆ ಮಚ್ಚೆ ಕಂಡಾಗ ಅವಳನ್ನು ರೈಲು ಹತ್ತಿಸಿದ ಅಣ್ಣ, ನಿನ್ನ ಹೆಸರಿನ ಕಾಗದ ಈ ಊರಿಗೆ ಬರಬಾರದು, ತಂಗಿಯರ ಮದುವೆಯಾಗಬೇಕು ಎಂದಿದ್ದ. ಲಕೋಟೆಯ ಮೇಲೆ ಹೆತ್‌ಗೋಲ್ ಎಂದು ಬರೆದರೆ ಸಾಕು, ಅಂಚೆಯವನಿಂದ ಹಿಡಿದು ಎಲ್ಲರಿಗೂ ತಿಳಿಯುತ್ತದೆ. ಬರೆಯದಿದ್ದರೆ ತಾಯಿ ಉತ್ತರ ಕಳಿಸುವುದೆಲ್ಲಿಗೆ? ಹೀಗೆ ಯೋಚಿಸುತ್ತ ಒಂಬತ್ತು ವರ್ಷ ಕಳೆದಿತ್ತು. ತಂಗಿಯರಿಗೆ ಮದುವೆಯಾಗಿ ಮಕ್ಕಳೂ ಆಗಿರಬೇಕು.

ಪ್ಯೋ ಹೋದ ಮೇಲೆ ಅವಳು ಯೋಚಿಸಿದಳು. ಅಂಗಡಿ ಬ್ಯಾಗಿನ ಪಟ್ಟಿ ಮೂರು ತಿಂಗಳಿಗೆ ಕಿತ್ತುಬರುತ್ತದೆ ಎಂದು ಅವಳಿಗೆ ಗೊತ್ತು. ತನ್ನ ಹೊಲಿಗೆ ಇರುವಾಗ ಅದನ್ನು ತರಲು ಮನಸ್ಸೊಪ್ಪಲಿಲ್ಲ. ಶರತ್ತು ಮುರಿಯಲು ಧೈರ್ಯವೂ ಬರಲಿಲ್ಲ. ಕೊನೆಗೆ ಚೀಲವನ್ನು ಒಳಮೈ ಹೊರಗೆ ಮಾಡಿ, ಹುಂಜ ಒಳಗೆ ಬರುವಂತೆ ಹೊಲಿದಳು. ಹೊರಗಿನಿಂದ ನೋಡಿದರೆ ಬರೀ ಬಿಳಿ. ಎರಡು ಪಟ್ಟಿ, ಒಂದು ಮುಚ್ಚಳ, ಕುಪ್ಪಸದಿಂದ ಕಿತ್ತ ಗುಂಡಿ. ಮಿರ್ಯಾಂಗ್ ಅಜ್ಜಿ ಒಂಟಿ ಕಣ್ಣಿನ ಹತ್ತಿರ ಹಿಡಿದು ನೋಡಿ, ಹುಂಜಕ್ಕೆ ಉಸಿರು ಕಟ್ಟುತ್ತೆ ಕಣೇ ಎಂದಳು.

ಶನಿವಾರ ಶಾಲೆಯ ಮೊದಲ ದಿನ. ಇನ್‌ಸಿಲ್‌ಗೆ ಎಂಟು ವರ್ಷ, ಕಾಯಿಲೆಯ ಗಾಳಿಯೂ ಸೋಕದ ಹುಡುಗಿ, ಓಡಿದರೆ ಹಿಡಿಯಲಾಗದು. ಮಧ್ಯಾಹ್ನ ಅವಳು ಓಡದೆ ಗುಡ್ಡ ಹತ್ತಿ ಬಂದಳು. ಪುಸ್ತಕಗಳನ್ನು ತೋಳಲ್ಲಿ ಅಪ್ಪಿಕೊಂಡಿದ್ದಳು, ಬ್ಯಾಗು ಒಂದು ಕೈಯಲ್ಲಿ ತಿರುವುಮುರುವಾಗಿ ನೇತಾಡುತ್ತಿತ್ತು. ಆದದ್ದು ಇಷ್ಟು: ಹಿಂದಿನ ಬೆಂಚಿನವಳು ಬ್ಯಾಗು ಕಿತ್ತುಕೊಂಡು ಕೊಡವಿದಾಗ ಒಳಗಿನ ಹುಂಜ ಕಂಡಿತು. ಕೋಳಿ ಬಚ್ಚಿಟ್ಟುಕೊಂಡು ಬಂದಿದಾಳೆ ಎಂದು ತರಗತಿಯೆಲ್ಲ ಕೊಕ್ಕೊಕ್ಕೊ ಎಂದು ಕೂಗಿತು.

ಬೊಕ್‌ದನ್ ಮಗಳನ್ನು ಹತ್ತಿರ ಕರೆದಳು. ಹುಡುಗಿ ಬರಲಿಲ್ಲ. ಅಳಲೂ ಇಲ್ಲ.

"ಕೋಳೀನ ಯಾಕಮ್ಮ ಒಳಗೆ ಬಚ್ಚಿಟ್ಟೆ? ನಾನೇನೋ ಕದ್ದು ತಂದ ಹಾಗಾಯ್ತು."

ಬೊಕ್‌ದನ್‌ಗೆ ಯಾರೋ ತನ್ನ ಹಾಸಿಗೆ ಪೆಟ್ಟಿಗೆಯ ಮುಚ್ಚಳ ತೆಗೆದು ನೋಡಿದಂತಾಯಿತು. ಅವಳು ಬ್ಯಾಗನ್ನು ತೆಗೆದುಕೊಂಡು, ತಾನೇ ಹಾಕಿದ ಹೊಲಿಗೆಯನ್ನು ಹಲ್ಲಿನಿಂದ ಬಿಚ್ಚತೊಡಗಿದಳು.

ಭಾನುವಾರ ಪ್ರಾರ್ಥನೆ ಮುಗಿಸಿ ಬಂದವಳೇ ಹೊಸ ಚೀಲ ಆರಿಸಿದಳು. ಬಣ್ಣ ಮಾಸದ್ದು, ಜುಟ್ಟು ಬೆಂಕಿಯಂತಿರುವ ಹುಂಜ. ಬೆನ್ನಿನ ನಟ್ಟನಡುವೆ ಹುಂಜ ಬರುವಂತೆ ಕತ್ತರಿಸಿದಳು. ಅಂಚಿಗೆಲ್ಲ ಬಾಯಿಹೊಲಿಗೆಯ ಕೆಂಪು ದಾರವನ್ನೇ ಸುತ್ತಿದಳು. ಸುದ್ದಿ ತಿಳಿದು ಮೂರು ಮನೆಯ ತಾಯಂದಿರು ತಮ್ಮ ತಮ್ಮ ಚೀಲ ಹಿಡಿದು ಬಂದರು. ಉಳಿದ ಮೂರು ಮನೆಯವರು ಅಂಗಡಿ ಬ್ಯಾಗೇ ಸಾಕು ಎಂದರು. ಅವರ ಮೇಲೆ ಯಾರೂ ಸಿಟ್ಟಾಗಲಿಲ್ಲ. ಹೆದರುವುದು ಹೇಗೆಂದು ಹೆತ್‌ಗೋಲ್‌ನಲ್ಲಿ ಯಾರಿಗೆ ತಾನೆ ಗೊತ್ತಿಲ್ಲ. ಪ್ಯೋ ಮಾತ್ರ ಬೇಲಿಯಾಚೆ ನಿಂತು, ಪೇಟೆಯವರು ಕೆರಳಿದರೆ ಮೊಟ್ಟೆ ಕೊಳ್ಳುವುದನ್ನೂ ನಿಲ್ಲಿಸುತ್ತಾರೆ, ಊರಿಗೂರೇ ಉಪವಾಸ ಬೀಳುತ್ತದೆ ಎಂದು ಕೂಗಿ ಹೇಳಿದ. ಅದು ಸುಳ್ಳಲ್ಲವೆಂದು ಬೊಕ್‌ದನ್‌ಗೂ ಗೊತ್ತಿತ್ತು. ಅವಳ ಗಂಡ ದೊಕ್‌ಬೆ ರಾತ್ರಿ ಊಟಕ್ಕೆ ಕೂತಾಗ, ನಾಳೆ ನೀನೂ ಹೋಗ್ತೀಯಾ ಎಂದಷ್ಟೇ ಕೇಳಿದ. ಹೋಗುತ್ತೇನೆ ಎಂದಳು. ಹಾಗಾದರೆ ಕೋಳಿಗೆ ನೀರು ನಾನಿಡುತ್ತೇನೆ ಎಂದ.

ಸೋಮವಾರ ಬೆಳಿಗ್ಗೆ ಅವಳು ಕನ್ನಡಿಯ ಮುಂದೆ ಬೆಂಕಿಕಡ್ಡಿ ಗೀರಿದಳು, ಸುಟ್ಟಳು, ಊದಿ ಆರಿಸಿದಳು. ಆಮೇಲೆ ಅದನ್ನು ಒಲೆಗೆಸೆದು, ಹುಬ್ಬಿಲ್ಲದ ಮುಖದಲ್ಲೇ ಹೊರಟಳು. ಮುಂದೆ ನಾಲ್ಕು ಹುಂಜ, ಹಿಂದೆ ಮೂರು ಅಂಗಡಿ ಬ್ಯಾಗು, ಕೊನೆಯಲ್ಲಿ ಅವಳು.

ಶಾಲೆಯ ಗೇಟಿನಲ್ಲಿ ಹತ್ತು ಹದಿನೈದು ತಾಯಂದಿರು ಅಡ್ಡ ನಿಂತಿದ್ದರು. ಮುಂದಾಳು ಬಸ್ಸು ನಿಲ್ದಾಣದ ಹತ್ತಿರದ ಶಾವಿಗೆ ಅಂಗಡಿಯವಳು, ಸೊಂಟದಲ್ಲಿ ಏಪ್ರನ್ ಹಾಗೇ ಇತ್ತು.

"ಏನಮ್ಮ, ಸುಮ್ಮನೆ ಬಂದು ಹೋಗಿ ಅಂದ್ರೆ ಮೆರವಣಿಗೆ ತಂದಿದೀರಲ್ಲ. ನಮ್ಮ ಮಕ್ಕಳ ಗತಿ ಏನು?"

ಬೊಕ್‌ದನ್ ಮೂರು ಹೆಜ್ಜೆ ದೂರದಲ್ಲೇ ನಿಂತಳು. ದನಿ ಏರಿಸಲಿಲ್ಲ.

"ನೀವು ಶಾವಿಗೆ ಮೇಲೆ ಮೊಟ್ಟೆ ಹೆಚ್ಚಿ ಹಾಕ್ತೀರಲ್ಲ ಅಕ್ಕ, ಅದನ್ನ ಎಲ್ಲಿಂದ ತರ್ತೀರಿ?"

"ಮಂಡಿಯಿಂದ. ಯಾಕೆ?"

"ಮಂಡಿಗೆ ಎಲ್ಲಿಂದ ಬರುತ್ತೆ?"

ಎಲ್ಲರ ಕಣ್ಣೂ ಒಮ್ಮೆ ಮಕ್ಕಳ ಬೆನ್ನಿನ ಹುಂಜಗಳ ಮೇಲೆ ಹೋಗಿಬಂತು.

"ಈ ಹುಂಜದ ಚೀಲದಲ್ಲಿದ್ದಿದ್ದನ್ನ ತಿಂದ ಕೋಳೀದೇ ಅದು. ಹದಿನಾರು ವರ್ಷದಿಂದ ನಮ್ಮೂರು ನಿಮ್ಮ ಹೊಟ್ಟೆಯೊಳಗೆ ಹೋಗಿ ಬರ್ತಿದೆ. ಯಾರಿಗಾದ್ರೂ ಏನಾದ್ರೂ ಆಗಿದ್ರೆ ಹೇಳಿ, ಮಗಳನ್ನ ಕರ್ಕೊಂಡು ಈಗ್ಲೇ ವಾಪಸ್ ಗುಡ್ಡ ಹತ್ತುತ್ತೀನಿ. ಆಗಿಲ್ಲ ಅಂದ್ರೆ ದಾರಿ ಬಿಡಿ, ಗಂಟೆ ಹೊಡೀತಾರೆ."

ಯಾರೂ ದಾರಿ ಬಿಡಲಿಲ್ಲ. ಆದರೆ ಯಾರೂ ಅವಳನ್ನು ಮುಟ್ಟಲು ಸಿದ್ಧರಿರಲಿಲ್ಲ. ಇಷ್ಟು ವರ್ಷ ಅವಳನ್ನು ದೂರವಿಟ್ಟಿದ್ದ ಅದೇ ಭಯ ಆವತ್ತು ಅವಳ ಕೆಲಸಕ್ಕೆ ಬಂತು. ಅವಳು ಮುಂದೆ ನಡೆದಂತೆ ಗುಂಪು ತಾನಾಗಿ ಎರಡಾಯಿತು, ನಡುವೆ ಏಳು ಮಕ್ಕಳೂ ನಡೆದುಹೋದರು. ಒಳಗಿನಿಂದ ಒಬ್ಬ ಮೇಷ್ಟ್ರು ಬಂದು, ಬಿಸಿಲಲ್ಲಿ ಯಾಕೆ ನಿಂತಿರಿ, ಸಾಲಾಗಿ ಬನ್ನಿ ಎಂದು ಮಕ್ಕಳನ್ನು ಕರೆದುಕೊಂಡರು. ಅಂದು ಬಿಸಿಲೇ ಇರಲಿಲ್ಲ.

ಅರ್ಧ ತರಗತಿ ಅವತ್ತೇ ಖಾಲಿಯಾಯಿತು. ಪ್ಯೋ ಹೆದರಿದ್ದೂ ನಿಜವಾಯಿತು: ಮೂರು ದಿನ ಮಂಡಿಯ ಗಾಡಿ ಗುಡ್ಡ ಹತ್ತಲಿಲ್ಲ. ಮೊಟ್ಟೆಗಳು ಕೋಣೆ ತುಂಬ, ಜಗುಲಿಯ ಕೆಳಗೆ, ಚರ್ಚಿನ ಬೆಂಚಿನ ಮೇಲೆ. ಬೇಯಿಸಿ, ಹುರಿದು, ಸೋಯಾ ರಸದಲ್ಲಿ ನೆನೆಸಿ ಊರೆಲ್ಲ ಮೊಟ್ಟೆ ತಿಂದಿತು. ಇನ್ನೆರಡು ದಿನ ಹೀಗೇ ಆದರೆ ನಾನೂ ಕೋಳಿಯ ಹಾಗೆ ಕೂಗುವುದಕ್ಕೇ ಶುರುಮಾಡುತ್ತೇನೆ ಎಂದಳು ಮಿರ್ಯಾಂಗ್ ಅಜ್ಜಿ. ಆ ಮೂರು ದಿನ ಬಾವಿಯ ಬಳಿ ಕೆಲವರು ಬೊಕ್‌ದನ್ ಬಂದಾಗ ಮುಖ ತಿರುಗಿಸಿದರು. ಅವಳು ನೀರು ತುಂಬಿಕೊಂಡು ಬಂದಳು, ಅಷ್ಟೆ. ಮಗಳನ್ನು ಒಂದು ದಿನವೂ ತಪ್ಪಿಸಲಿಲ್ಲ. ನಾಲ್ಕನೆಯ ಬೆಳಿಗ್ಗೆ ಗಾಡಿ ಬಂತು. ಸುತ್ತ ಹತ್ತು ಮೈಲಿಯಲ್ಲಿ ಅಷ್ಟು ಮೊಟ್ಟೆ ಇನ್ನೆಲ್ಲೂ ಇರಲಿಲ್ಲ. ಶಾಲೆಯ ಬೆಂಚುಗಳೂ ಒಂದೊಂದಾಗಿ ತುಂಬಿದವು. ಶಾವಿಗೆಯವಳ ಮಗಳು ಹನ್ನೆರಡನೆಯ ದಿನ ಬಂದಳು. ಇಬ್ಬರು ಬರಲೇ ಇಲ್ಲ.

ಏಪ್ರಿಲ್‌ನಲ್ಲಿ ಒಂದು ಸಂಜೆ ಇನ್‌ಸಿಲ್ ಹೊಳೆಯುವ ನೆಲದ ಮೇಲೆ ಬೋರಲಾಗಿ ಮಲಗಿ ಮನೆಪಾಠ ಬರೆಯುತ್ತಿದ್ದಳು. ತಮ್ಮ ತಮ್ಮ ಮನೆಯ ವಿಳಾಸ ಬರೆದು ತನ್ನಿ ಎಂದಿದ್ದರಂತೆ. ಬೊಕ್‌ದನ್ ಅನ್ನದ ಪಾತ್ರೆ ಹಿಡಿದು ಹಿಂದೆ ನಿಂತು ನೋಡಿದಳು. ಜಿಲ್ಲೆ ಬರೆದಾಯಿತು, ತಾಲ್ಲೂಕು ಬರೆದಾಯಿತು. ಹುಡುಗಿ ಪೆನ್ಸಿಲ್ ನಾಲಿಗೆಗೆ ಒತ್ತಿ, ಯಾರನ್ನೂ ಕೇಳದೆ, ಹೆತ್‌ಗೋಲ್ ಎಂದು ಎಲ್ಲಕ್ಕಿಂತ ದೊಡ್ಡದಾಗಿ ಬರೆದಳು. ಸಾಲು ಮೀರಿ ಅಕ್ಷರ ಅಂಚಿನಾಚೆ ಹೋಯಿತು.

ಮಾರನೆಯ ಬೆಳಿಗ್ಗೆ ಬೊಕ್‌ದನ್ ಹಾಸಿಗೆ ಪೆಟ್ಟಿಗೆಯ ತಳದಿಂದ ಪತ್ರ ತೆಗೆದಳು. ಮಡಿಕೆಯಲ್ಲಿ ಹಳದಿ ಬಿದ್ದಿತ್ತು, ಅಕ್ಷರಗಳು ಕಲಿಯುವವಳ ಅಕ್ಷರಗಳು. ತಿದ್ದಲಿಲ್ಲ. ಕೊನೆಯಲ್ಲಿ ಎರಡು ಸಾಲು ಸೇರಿಸಿದಳು: "ಅಮ್ಮ, ನಿನಗೆ ಮೊಮ್ಮಗಳಿದ್ದಾಳೆ, ಶಾಲೆಗೆ ಹೋಗುತ್ತಾಳೆ. ಉತ್ತರ ಬರೆಸಿದರೆ ಈ ವಿಳಾಸಕ್ಕೆ ಬರೆಸು, ಬರೆಸದಿದ್ದರೂ ನಾನು ಇರುವುದು ಇಲ್ಲೇ." ತಾಯಿಗೆ ಓದು ಬಾರದು. ಅಂಚೆಯವನೋ ಅಣ್ಣನೋ ಜಗುಲಿಯಲ್ಲಿ ಗಟ್ಟಿಯಾಗಿ ಓದಬೇಕು, ಅಕ್ಕಪಕ್ಕದವರು ಕೇಳಿಸಿಕೊಳ್ಳಬೇಕು. ಕೇಳಿಸಿಕೊಳ್ಳಲಿ.

ಲಕೋಟೆಯನ್ನು ಅವಳು ಚೀಲದೊಳಗಿನ ಕಾಗದದಲ್ಲೇ ಮಾಡಿದಳು, ಅನ್ನದ ಅಗುಳಿನಿಂದ ಅಂಟಿಸಿ. ಮೂರು ಪದರ ದಪ್ಪ; ಹಾದೊಂಗ್ ತನಕ ಮಳೆ ಬಂದರೂ ತಡೆಯುತ್ತದೆ.

ಅಂಚೆ ಕಚೇರಿಯ ಹುಡುಗಿ ಅದನ್ನು ತಿರುವಿ ಮುರುವಿ ನೋಡಿದಳು. ಇಲ್ಲೇ ಬಿಳಿ ಲಕೋಟೆ ಸಿಗುತ್ತದಲ್ಲ ಅಜ್ಜಿ ಎಂದಳು. ಬೊಕ್‌ದನ್‌ಗೆ ನಲವತ್ತೆರಡು, ಹುಬ್ಬಿಲ್ಲದ ಮುಖಕ್ಕೆ ವಯಸ್ಸು ಹೆಚ್ಚು. ಇದೇ ಇರಲಿ ಎಂದಳು.

"ಕಳಿಸೋರ ವಿಳಾಸ..." ಹುಡುಗಿ ಓದಿದಳು, ಕಣ್ಣೆತ್ತಿದಳು, ಕೈ ಅರೆಗಳಿಗೆ ತಡೆಯಿತು. "ಇದೇನಾ?"

"ಅದೇ. ಚೆನ್ನಾಗಿ ಕಾಣ್ತಿದೆ ತಾನೆ?"

ಹುಡುಗಿ ಸ್ಟಾಂಪು ಕೊಟ್ಟಳು. ಬೊಕ್‌ದನ್ ಅದನ್ನು ನೆಕ್ಕಿ, ಬೆರಳಿಗೆ ತಿಳಿಯದ್ದರಿಂದ ಕಣ್ಣಿನಿಂದ ನೋಡಿ ನೋಡಿ, ಮೂಲೆಗೆ ನೇರವಾಗಿ ಅಂಟಿಸಿದಳು. ಹೊರಗೆ ಬಂದು ಕೆಂಪು ಪೆಟ್ಟಿಗೆಯ ಬಾಯಿಗೆ ಲಕೋಟೆ ಇಟ್ಟಳು. ದಪ್ಪವಾದ್ದರಿಂದ ಅದು ಸಲೀಸಾಗಿ ಇಳಿಯಲಿಲ್ಲ. ಅಂಗೈಯಿಂದ ಒಮ್ಮೆ ಬಲವಾಗಿ ತಳ್ಳಿದಳು. ಒಳಗೆ ಬಿದ್ದ ಸದ್ದು ಕೇಳಿಸಿತು.