ನಿಂತವ್ವ

“ತಪ್ಪು. ಆಕಿ ರಾಜನ ಹೆಂಡತಿ ಅಲ್ಲ, ಪಂಡಿತನ ಹೆಂಡತಿ,” ಎಂದ ಸಿದ್ದೇಶ, ತೆಂಗಿನಕಾಯಿ ಹಿಡಿದುಕೊಂಡೇ.

ಕಾಯಿ ಮಾರುತ್ತ ದೇವಿಯ ಕಥೆ ಹೇಳುತ್ತಿದ್ದ ಗೋಣೆಪ್ಪ ತಲೆಯೆತ್ತಿ ನೋಡಿದ. “ಯಾರ ಹೆಂಡತಿ ಆದ್ರೇನ್ರಿ? ನಮ್ಮ ಮುತ್ಯಾನ ಕಾಲದಿಂದ ನಡಕೊಂಡು ಬಂದೈತಿ, ಈ ನಿಂತವ್ವಂದು.”

ಗೋಣೆಪ್ಪನ ಮುತ್ಯಾನ ಕಾಲ ಶುರುವಾಗಿ ಮೂರು ವರ್ಷವೂ ಆಗಿಲ್ಲವೆಂಬುದು ಸಿದ್ದೇಶನಿಗಷ್ಟೇ ಗೊತ್ತು. ಗಂಗಾವತಿಯ ಕಾಲೇಜಿನಲ್ಲಿ ಇತಿಹಾಸ ಕಲಿಸುವ ಅವನು ವಾರಕ್ಕೊಮ್ಮೆ ಪತ್ರಿಕೆಯಲ್ಲಿ ತನ್ನ ಓದಿನ ಬಗ್ಗೆ ಬರೆಯುತ್ತಾನೆ. ಯಾರೋ ಕಂಡ ಕೋಟೆ, ಯಾರೋ ಹೇಳಿದ ಐತಿಹ್ಯ, ಯಾರದೋ ಕಾವ್ಯದ ವಿರಹ. ನಡುನಡುವೆ ಬರುವ ‘ನನಗನಿಸುವಂತೆ’ ಎಂಬುದೊಂದು ಮಾತ್ರ ಇವನದು. ಒಂದು ವಾರ ಏನೂ ಹೊಳೆಯದೆ, ಹೇಮಗುಡ್ಡದ ದಾರಿಯಲ್ಲಿ ಭತ್ತದ ಗದ್ದೆಯಂಚಿಗೆ ನಿಂತಿದ್ದ ಈ ಬಂಡೆಗೊಂದು ಕಥೆ ಕಟ್ಟಿದ್ದ. ಒಬ್ಬ ಪಂಡಿತ. ಹೆಂಡತಿ ಏನೋ ಹೇಳಲು ಬಂದಾಗಲೆಲ್ಲ ‘ತಡಿ, ಈ ಓಲೆಗರಿ ಮುಗಿಯಲಿ’ ಎನ್ನುತ್ತಿದ್ದ. ಗರಿ ಮುಗಿಯಲಿಲ್ಲ, ನಿಂತವಳು ಕಲ್ಲಾದಳು.

ಈಗ ಕಲ್ಲಿಗೆ ಬೆಳ್ಳಿಯ ಕಣ್ಣು, ಹಸಿರು ಸೀರೆ, ಮೇಲೆ ತಗಡಿನ ಚಪ್ಪರ. ಪುರಾವೆ ಬೇಕು, ಪುರಾವೆ ಬೇಕು ಎಂದು ಹುಡುಗರ ಮುಂದೆ ಗಂಟಲು ಹರಿದುಕೊಳ್ಳುವವನಿಗೆ ಒಳಗೊಳಗೇ ಹಿಗ್ಗು. ದೇವರನ್ನು ಮಾಡಿದವನಿಗೆ ಒಂದು ನಮಸ್ಕಾರವಾದರೂ ಬೇಡವೇ?

“ಈ ಕಥಿ ಬರದಾವ ನಾನ,” ಎಂದ.

“ಹೌದ್ರಿ? ಛಲೋ ಆತು. ಭಾಳ ಮಂದಿ ಬರದಾರ್ರಿ,” ಎಂದ ಗೋಣೆಪ್ಪ ಮುಂದಿನವರಿಗೆ ಕಾಯಿ ಆರಿಸತೊಡಗಿದ.

ಸಿದ್ದೇಶನಿಗೆ ಉರಿದುಹೋಯಿತು. ಹರಕೆ ಇದೆ ಎಂದು ಹಟ ಮಾಡಿ ಅವನನ್ನು ಕರೆತಂದಿದ್ದ ಹೆಂಡತಿ ಸುನಿತಾ, ಕಲ್ಲಿಗೆ ಬಳೆ ಅರ್ಪಿಸಿ ಬರುತ್ತಿದ್ದಳು. ಇವಳಿಗಾದರೂ ತಿಳಿಯಲಿ ಎಂದು ಬದಿಗೆ ಕರೆದ.

“ನಿಂತವ್ವ ಅನ್ನಾಕಿ ಯಾರೂ ಇದ್ದಿಲ್ಲ. ನಾನ ಹುಟ್ಟಿಸೀನಿ.”

“ನೀವು?” ಸುನಿತಾ ನಕ್ಕಳು. “ನೀವು ಓದಿದ್ದನ್ನ ಬರಿಯೋರು. ನಿಮ್ಮದು ಅಂತ ಏನರ ಐತೇನ್ರಿ?”

“ಇದು ನಂದು. ಎಲ್ಲೂ ಓದಿಲ್ಲ.”

ಅವಳ ನಗು ನಿಂತಿತು. ಕಲ್ಲನ್ನೊಮ್ಮೆ, ಅವನನ್ನೊಮ್ಮೆ ನೋಡಿದಳು.

“ಮದುವಿ ಆದಾಗಿಂದ ನಿಮ್ಮ ಮೇಜಿನ ಬಾಜೂಕ ನಿಂತೀನಿ. ತಡಿ, ಈ ಪುಟ ಮುಗೀಲಿ ಅಂತೀರಿ. ಹಂಗಾರ ಇದೂ ನಿಮ್ಮದಲ್ಲ. ನಂದು.”

ಅಭ್ಯಾಸಬಲದಿಂದ ಅವನ ಮನಸ್ಸು ಪರಿತ್ಯಕ್ತ ರಾಣಿಯರನ್ನೂ ಶಾಪಗ್ರಸ್ತ ಸತಿಯರನ್ನೂ ಹುಡುಕಿಕೊಂಡು ಓಡಿತು. ಒಬ್ಬರೂ ಒದಗಿಬರಲಿಲ್ಲ. ನಾಚಿಕೆಯಾಯಿತು. ಹೆದರಿಕೆಯೂ ಆಯಿತು.

“ಏನ ಬೇಡಿಕೊಂಡಿ?”

“ಕಲ್ಲ ಆಗಬಾರದು ಅಂತ.” ಅವಳ ದನಿ ಮೆತ್ತಗಾಯಿತು. “ನಡೀರಿ, ಹೋಗೂಣು. ನಿಮಗೊಂದು ಮಾತು ಹೇಳೂದೈತಿ. ಇವತ್ತ ಹೇಳಬೇಕು.”

“ಹೇಳು. ಕೇಳ್ತೀನಿ,” ಎಂದ. ಆ ಕ್ಷಣಕ್ಕೆ ಅದು ನಿಜವೇ ಆಗಿತ್ತು.

ಬೈಕಿನ ಹತ್ತಿರವೇ ಹೊಸ ಫಲಕ ನಿಲ್ಲಿಸಿದ್ದರು. ‘ಶ್ರೀ ನಿಂತವ್ವ ದೇವಿಯ ಮಹಿಮೆ.’ ವಾಕ್ಯಗಳೆಲ್ಲ ಅವನವೇ. ‘ನನಗನಿಸುವಂತೆ’ ಕೂಡ ಹಾಗೆಯೇ ಉಳಿದಿತ್ತು. ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಕೆಲವು ಹೆಸರುಗಳು. ಸರಿಯಾಗಿ ಕಾಣದೆ ಹತ್ತಿರ ಹೋದ.

“ರೀ,” ಎಂದಳು ಸುನಿತಾ.

“ತಡಿ, ಇದೊಂದು ಮುಗೀಲಿ.”

ತಗಡು ಕೊಟ್ಟವರಿದ್ದರು, ಬಣ್ಣ ಬಳಿದವನಿದ್ದ, ಗೋಣೆಪ್ಪನೂ ಇದ್ದ. ಸಿದ್ದೇಶ ಇರಲಿಲ್ಲ. ಎಲ್ಲೋ ಕಣ್ಣು ತಪ್ಪಿರಬೇಕೆಂದು ಮತ್ತೆ ಮೇಲಿನಿಂದ ಓದಿದ.

ತಿರುಗಿದಾಗ ಸುನಿತಾ ಬಿಸಿಲಿನಲ್ಲಿ ಅಲ್ಲಿಯೇ ನಿಂತಿದ್ದಳು. ಪೂಜೆ ಮುಗಿಸಿ ಬಂದ ಮುದುಕಿಯೊಬ್ಬಳು, ಮುತ್ತೈದೆ ಎಂದು, ಕೈಯಲ್ಲಿ ಉಳಿದಿದ್ದ ಅರಿಸಿನವನ್ನು ಅವಳ ಗಲ್ಲಕ್ಕೆ ಹಚ್ಚಿ ಹಣೆಗೆ ಕುಂಕುಮ ಒತ್ತಿದಳು. ಸುನಿತಾ ರೆಪ್ಪೆ ಅಲುಗಿಸಲಿಲ್ಲ. ಹಿಂದೆ ಬಂದವಳೂ ಹಚ್ಚಿದಳು. ಅವಳ ಹಿಂದೆ ಇನ್ನೊಬ್ಬಳು, ಹಸಿರು ಬಳೆ ಹಿಡಿದುಕೊಂಡು, ತನ್ನ ಸರದಿಗಾಗಿ ಕಾಯುತ್ತಿದ್ದಳು.